ಉಗ್ಗುವ ಮಕ್ಕಳ ಮಾತು ಮತ್ತು ಚಲನೆಯ ಕಾಲಗತಿ: ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ

ಗ್ರಾಮ ಪಂಚಾಯಿತಿಗಳು ಪ್ರತಿ ವರ್ಷ ನಡೆಸುವ ಮಕ್ಕಳ ಗ್ರಾಮ ಸಭೆಯಲ್ಲಿ ಧ್ವನಿವರ್ಧಕವು ಮಕ್ಕಳ ಕೈಗೆ ಬರುತ್ತದೆ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಬೆಳಗಿನ ಬಸ್ಸು ನಿಲ್ಲುವುದಿಲ್ಲ, ಆಟದ ಮೈದಾನ ಒತ್ತುವರಿಯಾಗಿದೆ ಎಂಬಂತಹ ಅಹವಾಲುಗಳನ್ನು ಮಕ್ಕಳೇ ಮಂಡಿಸಬೇಕೆಂಬುದು ಆ ಸಭೆಯ ಉದ್ದೇಶ. ಹಾಗೆ ಸಾಲಿನಲ್ಲಿ ನಿಂತವರಲ್ಲಿ ಒಂದು ಮಗು ತನ್ನ ಹೆಸರಿನ ಮೊದಲ ಅಕ್ಷರದ ಮೇಲೆಯೇ ನಿಂತುಬಿಡುತ್ತದೆ. ತುಟಿ ಬಿಗಿಯುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಅಕ್ಷರ ಹೊರಬರುವುದಿಲ್ಲ. ಹಿಂದಿನ ಸಾಲಿನಲ್ಲಿ ನಗು ಏಳುತ್ತದೆ. ಯಾರೋ ಹಿರಿಯರು ಧ್ವನಿವರ್ಧಕವನ್ನು ಮುಂದಿನ ಮಗುವಿಗೆ ದಾಟಿಸುತ್ತಾರೆ. ಅದೇ ಮಗು ಅರ್ಧ ಗಂಟೆಯ ಹಿಂದೆ ಎಲ್ಲರೊಡನೆ ನಾಡಗೀತೆಯನ್ನು ಒಂದು ಅಕ್ಷರವೂ ತಡವರಿಸದೆ ಹಾಡಿರುತ್ತದೆ.

ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಿದವರು ಸಾಮಾನ್ಯವಾಗಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತಾರೆ: ಮಗು ಬೇಕೆಂದೇ ಹಾಗೆ ಮಾಡುತ್ತಿದೆ, ಇಲ್ಲವೇ ಮಗು ಅಂಜುಬುರುಕ. ಎರಡೂ ತಪ್ಪು. ಹಾಡಿನಲ್ಲಿ ಬಾರದ ತಡೆ ಒಂಟಿ ಮಾತಿನಲ್ಲಿ ಏಕೆ ಬರುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಬಹುಮಟ್ಟಿಗೆ ಒಪ್ಪಿತವಾದ ವಿವರಣೆಯಿದೆ. ಅದು ಚಲನೆಯ ಕಾಲಗತಿಗೆ, ಅಂದರೆ ಯಾವ ಸ್ನಾಯು ಯಾವ ಕ್ಷಣದಲ್ಲಿ ಕೆಲಸ ಮಾಡಬೇಕೆಂಬ ಹೊಂದಾಣಿಕೆಗೆ ಸಂಬಂಧಿಸಿದ್ದು.

ಮೊದಲು ಪದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ತೊದಲು ಎಂಬ ಪದವು ಎರಡು ಬೇರೆ ಸಂಗತಿಗಳಿಗೆ ಬಳಕೆಯಲ್ಲಿದೆ. ಮಾತು ಕಲಿಯುವ ಕೂಸು ರಥ ಎನ್ನಲು ಲಥ ಎನ್ನುವುದೂ ತೊದಲು, ಬೆಳೆದ ಮಗು ರ-ರ-ರಥ ಎನ್ನುವುದೂ ತೊದಲು. ಮೊದಲನೆಯದು ಬೆಳವಣಿಗೆಯ ಸಹಜ ಹಂತ. ಎರಡನೆಯದಕ್ಕೆ ಉಗ್ಗು ಎಂಬ ಬೇರೆ ಪದವಿದೆ. ಈ ಲೇಖನದಲ್ಲಿ ಅದನ್ನೇ ಬಳಸಲಾಗಿದೆ. ಉಗ್ಗು ಮೂರು ರೂಪಗಳಲ್ಲಿ ಕಾಣುತ್ತದೆ: ಅಕ್ಷರ ಮರುಕಳಿಸುವುದು, ಧ್ವನಿ ಎಳೆಯುವುದು ಮತ್ತು ಧ್ವನಿಯೇ ಹೊರಡದೆ ಕಟ್ಟಿಕೊಳ್ಳುವುದು. ಮಗುವಿಗೆ ತಾನು ಹೇಳಬೇಕಾದ ಪದ ಗೊತ್ತಿರುತ್ತದೆ, ಬರೆಯೆಂದರೆ ಬರೆಯುತ್ತದೆ. ಬುದ್ಧಿಮಟ್ಟಕ್ಕೂ ಉಗ್ಗಿಗೂ ಸಂಬಂಧವಿಲ್ಲ.

ಸಾಮಾನ್ಯವಾಗಿ ಇದು ಎರಡರಿಂದ ನಾಲ್ಕು ವರ್ಷ ವಯಸ್ಸಿನ ನಡುವೆ, ಮಗು ಪದಗಳನ್ನು ಜೋಡಿಸಿ ವಾಕ್ಯ ಮಾಡತೊಡಗಿದಾಗ ಆರಂಭವಾಗುತ್ತದೆ. ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳು ಬಾಲ್ಯದ ಯಾವುದೋ ಹಂತದಲ್ಲಿ ಉಗ್ಗುತ್ತಾರೆ. ಅವರಲ್ಲಿ ಹೆಚ್ಚಿನವರು ಕೆಲವು ವರ್ಷಗಳಲ್ಲಿ ತಾವಾಗಿಯೇ ಸರಿಹೋಗುತ್ತಾರೆ. ಒಟ್ಟು ಜನಸಂಖ್ಯೆಯಲ್ಲಿ ಉಗ್ಗು ಉಳಿದಿರುವವರ ಪ್ರಮಾಣ ಶೇಕಡಾ 1ರ ಆಸುಪಾಸಿನಲ್ಲಿದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಉಳಿದುಕೊಳ್ಳುವುದು ಹೆಚ್ಚು. ಆರು ಸಾವಿರ ಜನಸಂಖ್ಯೆಯ ಒಂದು ಗ್ರಾಮ ಪಂಚಾಯಿತಿಗೆ ಈ ಲೆಕ್ಕವನ್ನು ಅನ್ವಯಿಸಿದರೆ ಸುಮಾರು 60 ಜನರಾಗುತ್ತಾರೆ. ಗ್ರಾಮ ಸಭೆಯಲ್ಲಿ ಎದ್ದು ನಿಂತು ಮಾತನಾಡುವವರಲ್ಲಿ ಇವರು ಕಾಣಸಿಗುವುದಿಲ್ಲವಾದ್ದರಿಂದ ಊರಿನಲ್ಲಿ ಅಂಥವರು ಇಲ್ಲವೆಂಬ ಭಾವನೆ ಮೂಡಿರಬಹುದು.

ಒಂದು ಅಕ್ಷರದ ಹಿಂದಿರುವ ಕೆಲಸ

ಮಾತು ಮನುಷ್ಯನ ಚಲನೆಗಳಲ್ಲೆಲ್ಲ ಅತ್ಯಂತ ಸೂಕ್ಷ್ಮವಾದವುಗಳಲ್ಲಿ ಒಂದು. ಎದೆ ಮತ್ತು ಹೊಟ್ಟೆಯ ಸ್ನಾಯುಗಳು ಉಸಿರನ್ನು ಒತ್ತಬೇಕು, ಗಂಟಲಿನ ಧ್ವನಿತಂತುಗಳು ಕಂಪಿಸಬೇಕು, ನಾಲಿಗೆ, ದವಡೆ, ತುಟಿಗಳು ಸ್ಥಾನ ಬದಲಿಸುತ್ತಿರಬೇಕು. ಸಾಧಾರಣ ವೇಗದ ಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಹೊರಬೀಳುತ್ತವೆ.

ಪ ಮತ್ತು ಬ ಅಕ್ಷರಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎರಡಕ್ಕೂ ತುಟಿಗಳ ಕೆಲಸ ಒಂದೇ: ಮುಚ್ಚಿ ತೆರೆಯುವುದು. ಬ ಉಚ್ಚರಿಸುವಾಗ ತುಟಿ ತೆರೆಯುವ ಮೊದಲೇ ಧ್ವನಿತಂತುಗಳು ಕಂಪಿಸತೊಡಗುತ್ತವೆ. ಪ ಉಚ್ಚರಿಸುವಾಗ ತುಟಿ ತೆರೆದ ನಂತರ ಕಂಪಿಸುತ್ತವೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲನ್ನು ಮಿಲಿಸೆಕೆಂಡು ಎನ್ನುತ್ತಾರೆ. ಪಾಲು ಮತ್ತು ಬಾಲು ಎಂಬ ಎರಡು ಪದಗಳನ್ನು ಕಿವಿ ಬೇರ್ಪಡಿಸುವುದು ಮುಖ್ಯವಾಗಿ ಇಂತಹ ಕೆಲವು ಹತ್ತು ಮಿಲಿಸೆಕೆಂಡುಗಳ ಅಂತರದಿಂದ. ತುಟಿಗೆ ಆಜ್ಞೆ ಹೋಗಿ ಗಂಟಲಿಗೆ ಆಜ್ಞೆ ಹೋಗುವುದು ತಡವಾದರೆ, ಅಥವಾ ಒಂದು ಅಕ್ಷರ ಮುಗಿದು ಮುಂದಿನದು ಆರಂಭವಾಗಬೇಕಾದ ಕ್ಷಣದಲ್ಲಿ ಸೂಚನೆ ಬಾರದಿದ್ದರೆ, ಮಾತು ಅಲ್ಲಿಯೇ ನಿಲ್ಲುತ್ತದೆ.

ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಸದಸ್ಯರಿಗೆ ಇದು ಬೇಗ ಅರ್ಥವಾದೀತು. ಪಂಪು, ಪಿಸ್ಟನ್, ವಾಲ್ವು ಎಲ್ಲವೂ ಸರಿಯಿದ್ದು ಡೀಸೆಲ್ ಸಿಂಪಡಿಸುವ ಕ್ಷಣ ತುಸು ಹಿಂದುಮುಂದಾದರೂ ಇಂಜಿನ್ ಹೊಗೆಯುಗುಳಿ ತಡವರಿಸುತ್ತದೆ. ಬಿಡಿಭಾಗ ಬದಲಿಸಿ ಪ್ರಯೋಜನವಿಲ್ಲ, ಟೈಮಿಂಗ್ ನೋಡಬೇಕು. ಹೋಲಿಕೆ ಇಷ್ಟಕ್ಕೇ ಸೀಮಿತ: ಇಂಜಿನ್ನಿನ ಟೈಮಿಂಗನ್ನು ಮೆಕ್ಯಾನಿಕ್ ಒಮ್ಮೆ ಸರಿಪಡಿಸಿದರೆ ಕೂತಲ್ಲೇ ಕೂರುತ್ತದೆ. ಮಗುವಿನದು ಇನ್ನೂ ಬೆಳೆಯುತ್ತಿರುವ ನರಮಂಡಲ. ಒಂದು ದಿನ ಸಲೀಸಾಗಿ ಬಂದ ಪದ ಮರುದಿನ ಕಟ್ಟಿಕೊಳ್ಳಬಹುದು. ನಿನ್ನೆ ಸರಿಯಾಗಿ ಹೇಳಿದ್ದೆಯಲ್ಲ ಎಂಬ ಗದರಿಕೆಗೆ ಆದ್ದರಿಂದಲೇ ಅರ್ಥವಿಲ್ಲ.

ಚಪ್ಪಾಳೆಯ ಪ್ರಯೋಗ

ಈ ಕಾಲಗತಿಯ ತೊಡಕು ಮಾತಿಗೆ ಮಾತ್ರ ಸೀಮಿತವೋ, ಕೈಕಾಲುಗಳ ಚಲನೆಯಲ್ಲಿಯೂ ಇರುತ್ತದೆಯೋ ಎಂಬುದು ಸಂಶೋಧಕರನ್ನು ಬಹಳ ಕಾಲ ಕಾಡಿದ ಪ್ರಶ್ನೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಆನ್ ಸ್ಮಿತ್ ಮತ್ತು ಹೊವರ್ಡ್ ಝೆಲಾಝ್ನಿಕ್ ಅವರ ತಂಡ ಇದಕ್ಕೊಂದು ಸರಳ ಪರೀಕ್ಷೆಯನ್ನು ಆರಿಸಿಕೊಂಡಿತು. ಉಗ್ಗುವ 17 ಮತ್ತು ಉಗ್ಗದ 13 ಎಳೆಯ ಮಕ್ಕಳಿಗೆ ಚಪ್ಪಾಳೆ ತಟ್ಟಲು ಹೇಳಲಾಯಿತು. ಮೆಟ್ರೊನೋಮ್ ಎಂಬ ತಾಳಯಂತ್ರವು 600 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೂ ತುಸು ಬೇಗ, ಟಿಕ್ ಎನ್ನುತ್ತದೆ. ಮಗು ಅದರೊಡನೆ ತಟ್ಟಬೇಕು. ಸ್ವಲ್ಪ ಹೊತ್ತಿನ ನಂತರ ಯಂತ್ರ ನಿಲ್ಲುತ್ತದೆ, ಮಗು ಅದೇ ಲಯದಲ್ಲಿ ತಟ್ಟುತ್ತ ಹೋಗಬೇಕು.

ಯಂತ್ರ ನಿಂತ ಮೇಲಿನ ಭಾಗವೇ ಪರೀಕ್ಷೆಯ ತಿರುಳು. ಆಗ ಹೊರಗಿನ ತಾಳವಿಲ್ಲ. ಮಿದುಳು ತನ್ನೊಳಗಿನ ಗಡಿಯಾರವನ್ನೇ ನಂಬಬೇಕು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪಿನ ಮಕ್ಕಳ ಸರಾಸರಿ ವೇಗ ಹೆಚ್ಚುಕಡಿಮೆ ಒಂದೇ ಆಗಿತ್ತು. ವ್ಯತ್ಯಾಸ ಕಂಡದ್ದು ಚಪ್ಪಾಳೆಯಿಂದ ಚಪ್ಪಾಳೆಗೆ ಇರುವ ಅಂತರದ ಏರಿಳಿತದಲ್ಲಿ. ಉಗ್ಗುವ ಮಕ್ಕಳ ಗುಂಪಿನಲ್ಲಿ ಅದು ಹೆಚ್ಚಾಗಿತ್ತು. ಆದರೆ ಎಲ್ಲರಲ್ಲೂ ಹಾಗಿರಲಿಲ್ಲ: ಅವರಲ್ಲಿ ಒಂದು ಭಾಗ ಉಳಿದ ಮಕ್ಕಳಷ್ಟೇ ಸಮನಾಗಿ ತಟ್ಟಿದರೆ, ಮತ್ತೊಂದು ಭಾಗ ಸ್ಪಷ್ಟವಾಗಿ ಹಿಂದುಳಿದಿತ್ತು.

ಇಷ್ಟನ್ನೇ ಓದಿ, ಅಂಗನವಾಡಿಯಲ್ಲಿ ಚಪ್ಪಾಳೆ ತಟ್ಟಿಸಿ ಉಗ್ಗನ್ನು ಪತ್ತೆಹಚ್ಚಬಹುದೆಂದು ಯಾರಾದರೂ ಹೊರಟರೆ ಅದು ಅವಸರವಾದೀತು. 2016ರಲ್ಲಿ ಅದೇ ವಿಶ್ವವಿದ್ಯಾಲಯದ ಅದೇ ಸಂಶೋಧಕರು ಹೆಚ್ಚಿನ ಸಂಖ್ಯೆಯ ಮಕ್ಕಳೊಡನೆ ಚಪ್ಪಾಳೆಯ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡು ಕೈಗಳ ತಾಳವು ಉಗ್ಗಿನ ಮುಖ್ಯ ಕಾರಣವಲ್ಲವೆಂದು ಅವರೇ ಬರೆದು ಪ್ರಕಟಿಸಿದರು. ತಮ್ಮದೇ ಹಳೆಯ ತೀರ್ಮಾನವನ್ನು ತಾವೇ ಮರುಪರಿಶೀಲಿಸಿ ಬದಲಿಸುವುದು ಸಾರ್ವಜನಿಕ ಕಾರ್ಯದಲ್ಲಿರುವವರೆಲ್ಲ ಗಮನಿಸಬೇಕಾದ ನಡೆ. ಈ ನಡುವೆ, 2015ರಲ್ಲಿ, 8ರಿಂದ 16 ವರ್ಷದ ಜರ್ಮನ್ ಭಾಷಿಕ ಮಕ್ಕಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ತಾಳಕ್ಕೆ ಸರಿಯಾಗಿ ಬೆರಳು ತಟ್ಟುವಾಗ ಉಗ್ಗುವ ಮಕ್ಕಳು ತಾಳಕ್ಕಿಂತ ಮೊದಲೇ ತಟ್ಟುವುದು ಮತ್ತು ಒಂದೇ ಸಮನಾಗಿ ತಟ್ಟಲಾಗದಿರುವುದು ಕಂಡುಬಂದಿತ್ತು. ಒಟ್ಟಾರೆ, ಕೈಗಳ ವಿಷಯದಲ್ಲಿ ಸಾಕ್ಷ್ಯ ಮಿಶ್ರವಾಗಿದೆ. ಉಗ್ಗುವ ಮಗು ಕೋಲಾಟದಲ್ಲಿ ಹೆಜ್ಜೆ ತಪ್ಪುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ಕಬಡ್ಡಿ, ಡೊಳ್ಳು, ಬರವಣಿಗೆ ಯಾವುದರಿಂದಲೂ ಅದನ್ನು ದೂರವಿಡಲು ಕಾರಣವಿಲ್ಲ.

ಮಾತಿನ ಅಂಗಗಳಲ್ಲಿ ಮಾತ್ರ ಸಾಕ್ಷ್ಯ ಹೆಚ್ಚು ಗಟ್ಟಿಯಾಗಿದೆ. ಪರ್ಡ್ಯೂ ತಂಡವು ಮಕ್ಕಳ ತುಟಿ ಮತ್ತು ದವಡೆಯ ಮೇಲೆ ಪುಟ್ಟ ದೀಪಬಿಂದುಗಳನ್ನು ಅಂಟಿಸಿ, ಪ ಮತ್ತು ಬ ಧ್ವನಿಗಳು ತುಂಬಿದ ಒಂದೇ ಚಿಕ್ಕ ವಾಕ್ಯವನ್ನು ಮತ್ತೆ ಮತ್ತೆ ಹೇಳಿಸಿ, ತುಟಿ ಸಾಗುವ ದಾರಿಯನ್ನು ಕ್ಯಾಮೆರಾಗಳಿಂದ ಅಳೆಯಿತು. ಲೆಕ್ಕಕ್ಕೆ ತೆಗೆದುಕೊಂಡದ್ದು ತಡೆಯಿಲ್ಲದೆ ಹೇಳಿದ ಸರದಿಗಳನ್ನು ಮಾತ್ರ. ಹಾಗಿದ್ದರೂ, ಕೇಳುವ ಕಿವಿಗೆ ಪೂರ್ತಿ ಸರಿಯಾಗಿ ತೋರುವ ಮಾತಿನಲ್ಲಿಯೇ, ಉಗ್ಗುವ ಎಳೆಯ ಮಕ್ಕಳ, ವಿಶೇಷವಾಗಿ ಗಂಡುಮಕ್ಕಳ, ತುಟಿ ಪ್ರತಿ ಬಾರಿ ಬೇರೆ ಬೇರೆ ದಾರಿ ಹಿಡಿಯುತ್ತಿತ್ತು. ಸೂಚನೆಗಳ ಹೊಂದಾಣಿಕೆ ಇನ್ನೂ ನೆಲೆಗೊಂಡಿಲ್ಲವೆಂಬುದು ಇದರ ಅರ್ಥ. ವಾಕ್ಯ ಉದ್ದವಾದಷ್ಟೂ, ವ್ಯಾಕರಣ ಜಟಿಲವಾದಷ್ಟೂ ಈ ಏರಿಳಿತ ಹೆಚ್ಚುತ್ತದೆ. ಮನೆಯಲ್ಲಿ ಎರಡು ಪದದಲ್ಲಿ ನೀರು ಕೇಳುವ ಮಗು ಸಭೆಯಲ್ಲಿ ದೀರ್ಘ ಮನವಿ ಓದುವಾಗ ಸಿಕ್ಕಿಬೀಳುವುದಕ್ಕೆ ಭಯವಷ್ಟೇ ಕಾರಣವಲ್ಲ.

ಮಗ್ಗಿ ಬರುತ್ತದೆ, ಹಾಜರಿ ಹೇಳಲು ಬರುವುದಿಲ್ಲ

ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳಿವೆ. ಅಭ್ಯಾಸವಾದ ಚಲನೆಗಳ ಸರಪಳಿಯಲ್ಲಿ ಒಂದು ಕೊಂಡಿ ಮುಗಿದೊಡನೆ ಮುಂದಿನದಕ್ಕೆ ಹೊರಡು ಎಂಬ ಸೂಚನೆ ಕೊಡುವುದರಲ್ಲಿ ಇವು ಮತ್ತು ಇವುಗಳೊಡನೆ ಸಂಪರ್ಕ ಹೊಂದಿದ ಮಿದುಳಿನ ಹೊರಪದರದ ಭಾಗಗಳು ಕೆಲಸ ಮಾಡುತ್ತವೆ. ಉಗ್ಗಿನಲ್ಲಿ ಈ ಒಳಗಿನ ಸೂಚನೆ ದುರ್ಬಲವಾಗಿರುತ್ತದೆ ಎಂಬುದು ಇಂದು ಹೆಚ್ಚು ಬೆಂಬಲವಿರುವ ವಿವರಣೆ. ಎಲ್ಲರೊಡನೆ ಹಾಡುವಾಗ, ಮಗ್ಗಿಯನ್ನು ಸಾಮೂಹಿಕವಾಗಿ ಹೇಳುವಾಗ, ತಾಳಯಂತ್ರದ ಪ್ರತಿ ಟಿಕ್ಕಿಗೆ ಒಂದೊಂದು ಅಕ್ಷರ ಹೇಳುವಾಗ ಆ ಸೂಚನೆ ಹೊರಗಿನಿಂದ ಸಿಗುತ್ತದೆ. ಆಗ ಉಗ್ಗು ಬಹುತೇಕ ಮಾಯವಾಗುತ್ತದೆ. ಹೊರಗಿನ ತಾಳ ನಿಂತೊಡನೆ ಮರಳಿ ಬರುತ್ತದೆ.

ತರಗತಿಯಲ್ಲಿ ಹನ್ನೆರಡರ ಮಗ್ಗಿಯನ್ನು ಸಲೀಸಾಗಿ ಕೂಗಿದ ಮಗು ಹಾಜರಿಗೆ ಉತ್ತರ ಕೊಡುವ ಒಂದೇ ಪದಕ್ಕೆ ತಡವರಿಸುವುದು ಹೀಗೆ. ಹಾಜರಿಯ ಉತ್ತರವನ್ನು ಒಂಟಿಯಾಗಿ, ತನ್ನ ಸರದಿ ಬಂದ ಕ್ಷಣದಲ್ಲಿಯೇ, ತಾಳವಿಲ್ಲದೆ ಹೇಳಬೇಕು. ಹೆಸರು ಹೇಳುವುದು ಇನ್ನೂ ಕಷ್ಟ, ಏಕೆಂದರೆ ಹೆಸರಿಗೆ ಬದಲಿ ಪದವಿಲ್ಲ. ಬೇರೆಡೆ ಮಗು ಕಷ್ಟದ ಪದವನ್ನು ಬಿಟ್ಟು ಸುಲಭದ್ದನ್ನು ಹಾಕಿಕೊಂಡು ಪಾರಾಗುತ್ತದೆ. ಬೇಕೆಂದೇ ಮಾಡುವ ಮಗು ಇಷ್ಟೊಂದು ಲೆಕ್ಕಾಚಾರದಲ್ಲಿ ಬದುಕಬೇಕಾಗಿಲ್ಲ.

ಊರಿನ ನಂಬಿಕೆಗಳು

ಬಜೆ ಬೇರನ್ನು ತೇಯ್ದು ನಾಲಿಗೆಗೆ ಸವರುವುದು ಹಳೆಯ ರೂಢಿ. ಅದು ಉಗ್ಗನ್ನು ಹೋಗಲಾಡಿಸುತ್ತದೆ ಎನ್ನಲು ಆಧಾರವಿಲ್ಲ. ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿರುವುದರಿಂದ ಕೆಲವು ಅಕ್ಷರಗಳ ಉಚ್ಚಾರಣೆಗೆ ತೊಡಕಾಗಬಹುದೇ ಹೊರತು ಉಗ್ಗು ಬರುವುದಿಲ್ಲ. ಅದನ್ನು ಕತ್ತರಿಸಿದರೆ ಉಗ್ಗು ಹೋಗುವುದೂ ಇಲ್ಲ. ಮತ್ತೊಬ್ಬರನ್ನು ಅಣಕಿಸಿದ್ದರಿಂದ ಬಂತು ಎಂಬ ಮಾತು ಕೇವಲ ಶಿಕ್ಷೆಯ ಕಲ್ಪನೆ. ಒಂದೇ ಮನೆತನದಲ್ಲಿ ಹಲವರಿಗೆ ಉಗ್ಗಿರುವುದಕ್ಕೆ ಅನುವಂಶೀಯತೆ ಕಾರಣ. ಪಾಕಿಸ್ತಾನದ ಕೆಲವು ಕುಟುಂಬಗಳ ಅಧ್ಯಯನದಿಂದ ಆರಂಭವಾದ ಸಂಶೋಧನೆಯೊಂದು 2010ರಲ್ಲಿ ಉಗ್ಗಿಗೆ ಸಂಬಂಧಿಸಿದ ಮೂರು ವಂಶವಾಹಿಗಳನ್ನು ಗುರುತಿಸಿತು.

ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ಬದಲಿಸಿದರೆ ಉಗ್ಗು ಬರುತ್ತದೆಂಬ ವಾದವನ್ನು 1920-30ರ ದಶಕಗಳಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವಿದ್ವಾಂಸರು ಮಂಡಿಸಿದ್ದರು. ಮುಂದಿನ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಎಡಗೈಯ ಮೇಲೆ ಏಟು ಕೊಡುವುದನ್ನು ನಿಲ್ಲಿಸಲು ಉಗ್ಗಿನ ನೆಪ ಬೇಕಾಗಿಯೂ ಇಲ್ಲ.

ಅದೇ ವಿಶ್ವವಿದ್ಯಾಲಯದಲ್ಲಿ 1939ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅನಾಥಾಲಯದ 22 ಮಕ್ಕಳನ್ನು ತೆಗೆದುಕೊಂಡು, ಅವರಲ್ಲಿ ಚೆನ್ನಾಗಿಯೇ ಮಾತನಾಡುತ್ತಿದ್ದ ಕೆಲವರಿಗೆ ನಿಮಗೆ ಉಗ್ಗಿದೆ, ಎಚ್ಚರದಿಂದ ಮಾತನಾಡಿ ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಆ ದಾಖಲೆಗಳನ್ನು ಇತ್ತೀಚೆಗೆ ಮರುಪರಿಶೀಲಿಸಿದವರ ಪ್ರಕಾರ ಆ ಮಕ್ಕಳಿಗೆ ಉಗ್ಗು ಬರಲಿಲ್ಲ. ಆದರೆ ಅವರಲ್ಲಿ ಹಲವರು ಮಾತನಾಡಲು ಹಿಂಜರಿಯತೊಡಗಿದ್ದರು. ವಿಶ್ವವಿದ್ಯಾಲಯವು 2001ರಲ್ಲಿ ಬಹಿರಂಗವಾಗಿ ಕ್ಷಮೆ ಕೋರಿತು. ಟೀಕೆಯಿಂದ ಉಗ್ಗು ಹುಟ್ಟುವುದಿಲ್ಲ, ಆದರೆ ಮಾತು ಕಡಿಮೆಯಾಗುತ್ತದೆ ಎಂಬುದನ್ನು ಈ ಪ್ರಕರಣದಿಂದ ತಿಳಿಯಬಹುದು. ಅಂಗನವಾಡಿ, ಶಾಲೆ, ಮನೆಗಳಲ್ಲಿ ನಿಧಾನವಾಗಿ ಹೇಳು, ಉಸಿರು ತೆಗೆದುಕೊ, ಮತ್ತೊಮ್ಮೆ ಹೇಳು ಎಂದು ಒಳ್ಳೆಯ ಮನಸ್ಸಿನಿಂದಲೇ ಪದೇ ಪದೇ ತಿದ್ದುವುದು ಕೂಡ ಮಗುವಿನ ಪಾಲಿಗೆ ಟೀಕೆಯೇ.

ಪಂಚಾಯಿತಿಯ ವ್ಯಾಪ್ತಿಯಲ್ಲಿ ಸಾಧ್ಯವಿರುವುದು

ಉಗ್ಗು ಆರಂಭವಾಗುವ ವಯಸ್ಸು ಕೂಸಿನ ಮನೆ ಮತ್ತು ಅಂಗನವಾಡಿಯ ವಯಸ್ಸು. ಆದ್ದರಿಂದ ಮೊದಲು ಗಮನಿಸುವ ಅವಕಾಶ ಇರುವುದು ಪೋಷಕರಿಗೆ, ಆರೈಕೆದಾರರಿಗೆ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ. ಉಗ್ಗು ಆರು ತಿಂಗಳಿಗೂ ಮೀರಿ ಮುಂದುವರಿದರೆ, ಮನೆತನದಲ್ಲಿ ಬೇರೆಯವರಿಗೂ ಉಳಿದಿದ್ದರೆ, ಮಾತನಾಡುವಾಗ ಮುಖ ಬಿಗಿಯುವುದು ಅಥವಾ ಕಾಲು ಕುಟ್ಟುವುದು ಕಂಡುಬಂದರೆ, ಮಗು ಮಾತನ್ನೇ ತಪ್ಪಿಸತೊಡಗಿದರೆ, ತಾನಾಗಿ ಹೋಗುತ್ತದೆಂದು ಕಾಯದೆ ವಾಕ್ ಚಿಕಿತ್ಸಕರ ಬಳಿಗೆ ಕಳುಹಿಸುವುದು ಒಳಿತು. ಹೆಚ್ಚಿನ ಮಕ್ಕಳು ಸರಿಹೋಗುತ್ತಾರೆ ಎಂಬುದು ನಿಜವಾದರೂ, ಯಾವ ಮಗು ಸರಿಹೋಗುವುದಿಲ್ಲವೆಂದು ಮೊದಲೇ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ.

ಎಳವೆಯಲ್ಲಿಯೇ ಚಿಕಿತ್ಸೆ ಆರಂಭಿಸುವುದರ ಪ್ರಯೋಜನಕ್ಕೆ ದಾಖಲೆಯಿದೆ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್‌ಕೋಂಬ್ ಎಂಬ ವಿಧಾನದಲ್ಲಿ ತರಬೇತಿ ಪಡೆದ ತಾಯಿ ಅಥವಾ ತಂದೆಯೇ ದಿನವೂ ಮನೆಯಲ್ಲಿ, ಆಟದ ನಡುವೆ, ಸಲೀಸಾದ ಮಾತನ್ನು ಮೆಚ್ಚಿ ಹೇಳುತ್ತ ಹೋಗುತ್ತಾರೆ. ಚಿಕಿತ್ಸಕರು ವಾರಕ್ಕೊಮ್ಮೆ ನೋಡುತ್ತಾರೆ. ಶಾಲಾಪೂರ್ವ ವಯಸ್ಸಿನ 54 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂಬತ್ತು ತಿಂಗಳ ನಂತರ ಈ ವಿಧಾನ ಪಡೆದ ಮಕ್ಕಳು ನೂರು ಅಕ್ಷರಗಳಿಗೆ ಸರಾಸರಿ 1.5ರಲ್ಲಿ ಉಗ್ಗುತ್ತಿದ್ದರು, ಪಡೆಯದವರು 3.9ರಲ್ಲಿ. ದೊಡ್ಡ ಮಕ್ಕಳಲ್ಲಿ ಗುರಿ ಬೇರೆ: ಉಗ್ಗನ್ನು ಪೂರ್ತಿ ಅಳಿಸುವುದಕ್ಕಿಂತ, ಬಿಗಿಯಿಲ್ಲದೆ ಮಾತನಾಡುವುದನ್ನು ಮತ್ತು ಹಿಂಜರಿಯದೆ ಮಾತನಾಡುವುದನ್ನು ಕಲಿಸಲಾಗುತ್ತದೆ. ಕೆಲವೇ ವಾರಗಳಲ್ಲಿ ಶಾಶ್ವತ ಗುಣ ಎಂಬ ಜಾಹೀರಾತುಗಳಿಗೆ ಹಣ ಸುರಿಯದಂತೆ ಪೋಷಕರಿಗೆ ತಿಳಿಹೇಳುವುದೂ ಸದಸ್ಯರಿಂದ ಸಾಧ್ಯ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕೆಂದು ನಿಯಮವಿದೆ. ಆ ತಪಾಸಣೆಯ ಸಾಲಿನಲ್ಲಿ ಉಗ್ಗುವ ಮಗು ಬಾಯಿ ತೆರೆಯದೆ ಮುಂದೆ ಸಾಗಿಬಿಡುತ್ತದೆ, ತಲೆಯಾಡಿಸಿದರೆ ಸಾಕಾಗುತ್ತದೆ. ತಂಡ ಬರುವ ದಿನ ಅಂತಹ ಮಗುವಿನ ಬಗ್ಗೆ ಶಿಕ್ಷಕರು ಮೊದಲೇ ಪ್ರತ್ಯೇಕವಾಗಿ ತಿಳಿಸಿದರೆ, ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರಕ್ಕೆ ಶಿಫಾರಸು ಪಡೆಯಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕ್ಷೇತ್ರದಲ್ಲಿಯೇ ಕೆಲಸ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವಾಕ್ ಚಿಕಿತ್ಸಾ ವಿಭಾಗವಿದೆ. ಅಂಗವಿಕಲ ಪ್ರಮಾಣಪತ್ರದ ಬಗ್ಗೆ ಪೋಷಕರು ಕೇಳುವುದುಂಟು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ವಾಕ್ ಮತ್ತು ಭಾಷಾ ವೈಕಲ್ಯ ಸೇರಿದೆಯಾದರೂ, ಅಲ್ಲಿ ಉದಾಹರಣೆಯಾಗಿ ಹೆಸರಿಸಿರುವುದು ಧ್ವನಿಪೆಟ್ಟಿಗೆ ತೆಗೆದ ಸ್ಥಿತಿ ಮತ್ತು ಮಿದುಳಿಗೆ ಪೆಟ್ಟಾಗಿ ಭಾಷೆ ನಷ್ಟವಾದ ಸ್ಥಿತಿಗಳನ್ನು. ಆದ್ದರಿಂದ ಪ್ರಮಾಣಪತ್ರದ ಭರವಸೆಯನ್ನು ಸದಸ್ಯರು ತಾವೇ ನೀಡದೆ ವೈದ್ಯಕೀಯ ಮಂಡಳಿಗೆ ಬಿಡುವುದು ಸೂಕ್ತ.

ಸಭೆಯ ನಡವಳಿಕೆಗೆ ಹಣ ಬೇಡ. ಮಕ್ಕಳ ಗ್ರಾಮ ಸಭೆಯಲ್ಲಿ ಸಾಲಾಗಿ ಹೆಸರು ಹೇಳಿಸುವ ಪದ್ಧತಿಯನ್ನು ಕೈಬಿಟ್ಟು ಹಾಜರಿ ಪುಸ್ತಕದಿಂದಲೇ ಹೆಸರು ಓದಬಹುದು. ಸರದಿಗಾಗಿ ಕಾಯುವ ನಿಮಿಷಗಳೇ ಉಗ್ಗುವ ಮಗುವಿಗೆ ಅತಿ ಕಷ್ಟದವು. ಬಯಸಿದರೆ ಮೊದಲೇ ಮಾತನಾಡಲು ಅವಕಾಶ ಕೊಡಬಹುದು, ಅಥವಾ ಗೆಳೆಯನೊಬ್ಬನೊಡನೆ ಸೇರಿ ಒಟ್ಟಿಗೆ ಓದಲು ಬಿಡಬಹುದು, ಏಕೆಂದರೆ ಜೊತೆ ದನಿಯಿದ್ದಾಗ ತಡೆ ಕಡಿಮೆ. ಆಯ್ಕೆ ಮಗುವಿನದಾಗಿರಬೇಕು. ನಿನ್ನ ಬದಲು ಅವನು ಹೇಳಲಿ ಎಂದು ಹಿರಿಯರು ನಿರ್ಧರಿಸುವುದು ಧ್ವನಿವರ್ಧಕವನ್ನು ಕಿತ್ತುಕೊಂಡಂತೆಯೇ. ಮಗು ಒಂಟಿಯಾಗಿಯೇ ಮಾತನಾಡುತ್ತೇನೆಂದರೆ, ಪದ ಕಟ್ಟಿಕೊಂಡಾಗ ಅದನ್ನು ಪೂರ್ಣಗೊಳಿಸಲು ಹೋಗದೆ, ಮುಖ ತಿರುಗಿಸದೆ, ಗಡಿಯಾರ ನೋಡದೆ ಅಧ್ಯಕ್ಷರು ಕಾಯಬೇಕು. ಹೆಚ್ಚಿನ ತಡೆಗಳು ಕೆಲವೇ ಸೆಕೆಂಡುಗಳಲ್ಲಿ ಬಿಡುತ್ತವೆ. ಮಂಡಿಸಿದ ಅಹವಾಲನ್ನು ನಡವಳಿ ಪುಸ್ತಕದಲ್ಲಿ ಉಳಿದವರದರಂತೆಯೇ ಪೂರ್ಣವಾಗಿ ದಾಖಲಿಸಿ, ಅದರ ಮೇಲೆ ಕೈಗೊಂಡ ಕ್ರಮವನ್ನು ಆ ಮಗುವಿಗೇ ತಿಳಿಸತಕ್ಕದ್ದು.